ಬೆಲ್ ಕರ್ವ್ ಅಂದರೇನು? ಹತ್ತು ಜನರ ತಂಡದಲ್ಲಿ ಒಬ್ಬರು ಹಿಂದುಳಿಯಲೇಬೇಕಾ? ಇಲ್ಲಿದೆ ಸರಳ ಲೆಕ್ಕ

ಪುಣೆಯ ಹಿಂಜವಾಡಿಯಲ್ಲಿರುವ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಇರಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಇರಲಿ, ಅಪ್ರೈಸಲ್ ಸಮಯ ಬಂತೆಂದರೆ ಕೇಳಿಬರುವ ಮಾತು 'ಬೆಲ್ ಕರ್ವ್'. ಸಂಬಳ ಏರಿಕೆ, ಬಡ್ತಿ, ಕೆಲವೊಮ್ಮೆ ಕೆಲಸವೇ ಇದರ ಮೇಲೆ ನಿಂತಿರುತ್ತದೆ. ಅಚ್ಚರಿ ಎಂದರೆ, ಇದರ ಮೂಲ ಇರುವುದು ಪಿಯುಸಿ, ಪದವಿ ವಿದ್ಯಾರ್ಥಿಗಳು ಓದುವ ಸಂಭವನೀಯತೆಯ ಪಾಠದಲ್ಲಿ.

ನಾಣ್ಯದಿಂದ ಆರಂಭ

ನಾಣ್ಯವನ್ನು 10 ಸಲ ಚಿಮ್ಮಿದರೆ ಸರಾಸರಿ 5 ಸಲ ಹೆಡ್ ಬರಬೇಕು. ಆದರೆ ಸರಿಯಾಗಿ 5 ಹೆಡ್ ಬೀಳುವ ಸಾಧ್ಯತೆ ಸುಮಾರು ಶೇ. 25 ಮಾತ್ರ. ಒಟ್ಟು 1024 ಸಾಧ್ಯತೆಗಳಲ್ಲಿ 252 ಮಾತ್ರ ಹಾಗಿರುತ್ತವೆ. ಉಳಿದಂತೆ 4, 6, 3, 7 ಹೀಗೆ ಹೆಚ್ಚು ಕಡಿಮೆಯಾಗುತ್ತದೆ. ಈ ಹಂಚಿಕೆಯೇ ದ್ವಿಪದ ವಿತರಣೆ.

ಗಂಟೆಯಾಕಾರ ಬರುವುದು ಹೇಗೆ?

ಚಿಮ್ಮುವ ಸಂಖ್ಯೆ ಹೆಚ್ಚಿದಂತೆ ಈ ಹಂಚಿಕೆಯ ನಕ್ಷೆ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ. ಇದನ್ನು 1733ರಲ್ಲಿ ಗುರುತಿಸಿದವರು ಗಣಿತಜ್ಞ ಡಿ ಮುವಾವ್ರ್. ಈ ಸಾಮಾನ್ಯ ವಿತರಣೆಯಲ್ಲಿ ಸುಮಾರು ಶೇ. 68ರಷ್ಟು ಅಂಶಗಳು ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ, ಶೇ. 95ರಷ್ಟು ಎರಡರೊಳಗೆ ಇರುತ್ತವೆ.

ತಂಡಕ್ಕೆ ಅನ್ವಯಿಸಿದರೆ?

ಕಂಪನಿಯೊಂದರಲ್ಲಿ ಶೇ. 10ರಷ್ಟು ಉದ್ಯೋಗಿಗಳ ಕೆಲಸ ನಿಜಕ್ಕೂ ಕಳಪೆ ಎಂದುಕೊಳ್ಳಿ. ಹಾಗಾದರೆ 10 ಜನರ ಪ್ರತಿ ತಂಡದಲ್ಲೂ ಒಬ್ಬರು ಕಳಪೆ ಇರಲೇಬೇಕೇ?

ಯಾದೃಚ್ಛಿಕವಾಗಿ ಆರಿಸಿದ ತಂಡದಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಾಧ್ಯತೆ ತಿಳಿಯಲು 0.9 ಅನ್ನು ಹತ್ತು ಸಲ ಗುಣಿಸಬೇಕು. ಉತ್ತರ ಸುಮಾರು ಶೇ. 35. ಸರಿಯಾಗಿ ಒಬ್ಬರು ಇರುವ ಸಾಧ್ಯತೆ ಶೇ. 39, ಇಬ್ಬರು ಅಥವಾ ಹೆಚ್ಚು ಇರುವ ಸಾಧ್ಯತೆ ಶೇ. 26.

ಅಂದರೆ 'ಪ್ರತಿ ತಂಡದಿಂದ ಒಬ್ಬರು' ಎಂಬ ನಿಯಮ 100 ತಂಡಗಳಲ್ಲಿ ಸುಮಾರು 61ಕ್ಕೆ ಹೊಂದುವುದೇ ಇಲ್ಲ. ಸುಮಾರು 35 ತಂಡಗಳಲ್ಲಿ ಚೆನ್ನಾಗಿ ದುಡಿದವರೊಬ್ಬರು ಕೆಳದರ್ಜೆಗೆ ಬೀಳುತ್ತಾರೆ.

ದೊಡ್ಡ ಗುಂಪಾದರೆ?

1000 ಜನರಲ್ಲಿ ನಿರೀಕ್ಷಿತ ಸಂಖ್ಯೆ 100, ಮಾನಕ ವಿಚಲನೆ ಸುಮಾರು 9.5. ಹಾಗಾಗಿ ಶೇ. 95ರಷ್ಟು ಸಂದರ್ಭಗಳಲ್ಲಿ ಸಂಖ್ಯೆ 81ರಿಂದ 119ರೊಳಗೆ ಇರುತ್ತದೆ. ಗುಂಪು ದೊಡ್ಡದಾದಷ್ಟೂ ಅಂದಾಜು ನಂಬಲರ್ಹ.

ಇನ್ನೊಂದು ವಿಷಯವಿದೆ. ಉದ್ಯೋಗಿಗಳು ಪರೀಕ್ಷೆ, ಸಂದರ್ಶನ ದಾಟಿ ಬಂದವರು. ಆಯ್ಕೆಯ ಹಂತದಲ್ಲೇ ಗಂಟೆಯ ಒಂದು ತುದಿ ಬಹುಮಟ್ಟಿಗೆ ಕತ್ತರಿಸಿ ಹೋಗಿರುತ್ತದೆ. ಉಳಿದವರ ಹಂಚಿಕೆ ಮತ್ತೆ ಗಂಟೆಯಾಕಾರದಲ್ಲೇ ಇರಬೇಕೆಂದಿಲ್ಲ.

ಕೈಬಿಟ್ಟ ಕಂಪನಿಗಳು

ಉದ್ಯೋಗಿಗಳನ್ನು ಹೀಗೆ ಕಡ್ಡಾಯವಾಗಿ ಶ್ರೇಣೀಕರಿಸುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿ ಬಳಿಕ ಬೆಂಗಳೂರಿಗೆ ಬಂದ, ಹಿಂಜವಾಡಿಯಲ್ಲೂ ಕ್ಯಾಂಪಸ್ ಹೊಂದಿರುವ ಇನ್ಫೋಸಿಸ್ 2015ರಲ್ಲಿ ಅದೇ ಹಾದಿ ಹಿಡಿಯಿತು.

ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಇಷ್ಟೇ: ವಿತರಣೆ ದೊಡ್ಡ ಗುಂಪಿನ ಸ್ವಭಾವ ಹೇಳುತ್ತದೆ, ಚಿಕ್ಕ ತಂಡದಲ್ಲಿ ಯಾರು ಎಲ್ಲಿರಬೇಕು ಎಂದು ಅದು ನಿರ್ಧರಿಸುವುದಿಲ್ಲ.