ಆರ್.ಸಿ.ಯಲ್ಲಿ ಪೆಟ್ರೋಲು, ಬಾನೆಟ್ಟಿನೊಳಗೆ ಡೀಸೆಲ್ಲು!

ಮದ್ದೂರಿನ ಹಳೇ ಹೆದ್ದಾರಿ ಬದಿಯ ಹೊಗೆ ತಪಾಸಣೆ ಕೇಂದ್ರ. ಬೆಳಿಗ್ಗೆ ಹತ್ತೂವರೆ. ಮಳವಳ್ಳಿ ಕಡೆಯಿಂದ ಒಂದು ಹಳೇ ಜೀಪು ಬಂದು ನಿಂತಿತು. ನಿಂತಿತು ಅನ್ನುವುದಕ್ಕಿಂತ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು ಅನ್ನಬೇಕು. ಹಿಂದಿನ ಸೀಟು ಕಿತ್ತು ಹಾಕಿ ಆ ಜಾಗದಲ್ಲಿ ಹಿಂಡಿ ಮೂಟೆ ಪೇರಿಸಿದ್ದಾರೆ. ಇಳಿದ ಯಜಮಾನರಿಗೆ ಅರವತ್ತರ ಹತ್ತಿರ ವಯಸ್ಸು. ಕೇಂದ್ರದ ಹುಡುಗ ಕಂಪ್ಯೂಟರಿಗೆ ನಂಬರು ಹೊಡೆದ, ತಲೆ ಕೆರೆದುಕೊಂಡ.

“ಅಣ್ಣೋ, ಇದ್ರಲ್ಲಿ ಪೆಟ್ರೋಲ್ ಗಾಡಿ ಅಂತ ಬತ್ತಾ ಐತೆ. ನಿಮ್ದು ಡೀಸೆಲ್ ಇಂಜಿನ್ ಅಲ್ವಾ?”

“ಊ ಕನಪ್ಪ, ಡೀಸೆಲ್ಲೇ. ನಮ್ಮಪ್ಪನ ಕಾಲ್ದಲ್ಲೇ ಬದ್ಲಾಯ್ಸಿದ್ದು. ಅದಕ್ಕೇನೀಗ?”

ಅದಕ್ಕೇನೀಗ ಅನ್ನುವ ಪ್ರಶ್ನೆಯೇ ಇವತ್ತಿನ ಈ ಬರಹ. ಇದು ಆ ಯಜಮಾನರೊಬ್ಬರ ತಾಪತ್ರಯ ಅಲ್ಲ. ಪೆಟ್ರೋಲು ದುಬಾರಿ ಅಂತ ವಿಲ್ಲೀಸ್ ಮಾದರಿ ಜೀಪಿನ ಪೆಟ್ರೋಲ್ ಇಂಜಿನ್ ಇಳಿಸಿ, ಯಾವುದೋ ಗುಜರಿ ಗಾಡಿಯ ಡೀಸೆಲ್ ಇಂಜಿನ್ ಕೂರಿಸುವುದು ನಮ್ಮ ಕಡೆಯ ಮೆಕ್ಯಾನಿಕ್ಕುಗಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಗಾಡಿ ಓಡಿತು, ಮನೆ ನಡೆಯಿತು. ಆರ್.ಸಿ. ಪುಸ್ತಕ ಮಾತ್ರ ಟ್ರಂಕಿನಲ್ಲಿ ಹಾಗೇ ಮಲಗಿತ್ತು. ಈಗ ಕಂಪ್ಯೂಟರು ಅದನ್ನು ಎಬ್ಬಿಸಿದೆ.

ಎರಡು ಪಿಯುಸಿ

ಓದುಗರಲ್ಲಿ ಒಂದು ಅರಿಕೆ. ಪಿಯುಸಿ ಅಂದರೆ ಎರಡುಂಟು. ಒಂದು ಕಾಲೇಜಿನದು. ಅದನ್ನು ಈ ವರದಿಗಾರ ಅರ್ಧಕ್ಕೇ ಬಿಟ್ಟವನು. ಇನ್ನೊಂದು ಗಾಡಿಯದು, ಹೊಗೆ ಹತೋಟಿಯಲ್ಲಿದೆ ಅನ್ನುವ ಸರ್ಟಿಫಿಕೇಟು. ಅದನ್ನು ಬಿಡುವ ಹಾಗಿಲ್ಲ.

1989ರ ಜುಲೈ 1ರಂದು ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಹೊಗೆಗೆ ಸಂಬಂಧಿಸಿದ್ದು. ಹೊಸ ಗಾಡಿಗೆ ನೋಂದಣಿಯಾದ ಒಂದು ವರ್ಷ ಸರ್ಟಿಫಿಕೇಟು ಬೇಡ. ಆಮೇಲೆ ಹಳೇ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ, ಭಾರತ್ ಸ್ಟೇಜ್ 4 ಮತ್ತು ಅದರ ಮೇಲಿನ ಗಾಡಿಗಳಿಗೆ ವರ್ಷಕ್ಕೊಮ್ಮೆ ಮಾಡಿಸಬೇಕು. ಇಲ್ಲದೆ ಸಿಕ್ಕಿಬಿದ್ದರೆ? 2019ರ ಸೆಪ್ಟೆಂಬರ್ 1ರಿಂದ ಬಂದ ತಿದ್ದುಪಡಿಯಂತೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಲೈಸೆನ್ಸೂ ಮೂರು ತಿಂಗಳು ಅಮಾನತು. ಹಿಂಡಿ ಮೂಟೆ ಸಾಗಿಸಿ ಹತ್ತು ಸಾವಿರ ಸಂಪಾದಿಸಲು ಎಷ್ಟು ಟ್ರಿಪ್ಪು ಹೊಡೆಯಬೇಕು, ಲೆಕ್ಕ ಹಾಕಿ.

ಯಂತ್ರದ ಕಣ್ಣಿಗೆ ಮಣ್ಣು

ತಪಾಸಣೆ ಹೇಗೆ ನಡೆಯುತ್ತದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಪೆಟ್ರೋಲ್ ಗಾಡಿಯನ್ನು ನಿಂತಲ್ಲೇ ಸಣ್ಣಗೆ ಓಡಿಸಿ, ಸೈಲೆನ್ಸರಿಗೆ ನಳಿಗೆ ತೂರಿಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಇಂಧನದ ಆವಿ ಎಷ್ಟಿದೆ ಅಂತ ಅಳೆಯುತ್ತಾರೆ. ತೀರಾ ಹಳೇ ನಾಲ್ಕು ಚಕ್ರದ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ರವರೆಗೆ ಮಾಫಿ. ಭಾರತ್ ಸ್ಟೇಜ್ 4ರ ಗಾಡಿಗೆ ಬರೀ 0.3. ಡೀಸೆಲ್ ಗಾಡಿಯದು ಬೇರೆ ಯಂತ್ರ, ಬೇರೆ ರೀತಿ. ಆಕ್ಸಲರೇಟರ್ ಪೂರ್ತಿ ಒತ್ತಿ ಬಿಟ್ಟು, ಬರುವ ಹೊಗೆ ಎಷ್ಟು ಕಪ್ಪಗಿದೆ ಅಂತ ನೋಡುತ್ತಾರೆ. ಹಳೇ ಗಾಡಿಗೆ ಹಾರ್ಟ್ರಿಜ್ ಅಳತೆಯಲ್ಲಿ 65, ಭಾರತ್ ಸ್ಟೇಜ್ 4ಕ್ಕೆ 50.

ಯಾವ ಯಂತ್ರ, ಯಾವ ಮಿತಿ ಅನ್ನುವುದನ್ನು ಆರ್.ಸಿ.ಯಲ್ಲಿ ಬರೆದ ಇಂಧನ ಮತ್ತು ವರ್ಷವೇ ತೀರ್ಮಾನಿಸುತ್ತದೆ. ತಮಾಷೆ ಇರುವುದು ಇಲ್ಲೇ. ಡೀಸೆಲ್ ಇಂಜಿನ್ ಧಾರಾಳವಾಗಿ ಗಾಳಿ ಎಳೆದುಕೊಂಡು ಉರಿಯುವಂಥದ್ದು. ಸಣ್ಣಗೆ ಓಡುವಾಗ ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಕಮ್ಮಿಯೇ. ಅದರ ರೋಗ ಕರೀ ಮಸಿ. ಆ ಮಸಿಯನ್ನು ಪೆಟ್ರೋಲಿನ ಯಂತ್ರ ನೋಡುವುದೇ ಇಲ್ಲ! ಹುಡುಗ ಕಣ್ಣು ಮುಚ್ಚಿಕೊಂಡು ‘ಪೆಟ್ರೋಲ್’ ಖಾನೆಯಲ್ಲೇ ಪರೀಕ್ಷೆ ಮಾಡಿದ್ದರೆ, ಕಾಡಿಗೆ ಉಗುಳುವ ಆ ಜೀಪು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಹೋಗುತ್ತಿತ್ತು. ಕಾಗದವೂ ಸಾಚಾ, ನಂಬರೂ ಸಾಚಾ, ಹೊಗೆ ಮಾತ್ರ ಸುಳ್ಳು.

ಆ ಸುಳ್ಳನ್ನು ಉಸಿರಾಡುವವರು ಯಾರು? ಮಳವಳ್ಳಿ ಬಸ್ಸಿಗೆ ಕಾದು ನಿಂತವರು. ಮಂಡ್ಯದ ಪೇಟೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲಾದ ಮುಂದೆ ಕೂತವರು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಅಂತ ಸಾರಿ ಹೇಳಿದೆ. ಅಂಗಡಿ ಕಪಾಟಿನ ಮೇಲೆ ಬೆರಳಾಡಿಸಿ ನೋಡಿ, ಅಂಟುವ ಕಪ್ಪು ಬರೀ ಧೂಳಲ್ಲ.

ಹಾಗಾದರೆ ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯಿದೆಯ 52ನೇ ಕಲಮು ಖಡಾಖಂಡಿತ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸಕೂಡದು. ಇಂಜಿನ್ ಬದಲಿಗೆ ಆರ್.ಟಿ.ಓ. ಒಪ್ಪಿಗೆ ಬೇಕು. ಅನುಮೋದನೆ ಪಡೆದ ಗ್ಯಾಸ್ ಕಿಟ್ಟು, ಬ್ಯಾಟರಿ ಕಿಟ್ಟು ಹಾಕಿಸಬಹುದು, ಆದರೆ ಅದು ಆರ್.ಸಿ.ಯಲ್ಲಿ ದಾಖಲಾಗಬೇಕು. ಅಡುಗೆಮನೆ ಸಿಲಿಂಡರ್ ಇಟ್ಟುಕೊಂಡು ಓಡಿಸುವುದಂತೂ ಶುದ್ಧ ಅಪರಾಧ, ಜೀವಕ್ಕೂ ಸಂಚಕಾರ. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಂತ 2019ರಲ್ಲೇ ಸೇರಿಸಿದ್ದಾರೆ. ಅದೇ ವರ್ಷ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ಈ ಕಲಮನ್ನು ಎತ್ತಿ ಹಿಡಿಯಿತು.

ಬ್ರಿಟನ್ನಿನಲ್ಲಿ ಕಿಟ್ ಕಾರು ಅಂತ ಒಂದುಂಟು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಳ್ಳುವುದು. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಗಾಡಿಯ ವಯಸ್ಸು ಇಂತಿಷ್ಟೇ ಅಂತ ಹೇಳಲಾಗದಿದ್ದರೆ ‘ಕ್ಯೂ’ ಅಕ್ಷರದ ನಂಬರು ಕೊಡುತ್ತಾರೆ. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಮಾದರಿಯನ್ನು ಸರ್ಕಾರ ಗೊತ್ತು ಮಾಡಿದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸದೆ ಹೊಸ ಗಾಡಿ ರಸ್ತೆಗಿಳಿಯುವಂತಿಲ್ಲ. ಗ್ಯಾರೇಜಿನಲ್ಲಿ ಹುಟ್ಟಿದ ಕೂಸಿಗೆ ಹೆಸರಿಡುವವರೇ ಇಲ್ಲ.

ತರಹೇವಾರಿ ನಂಬರುಗಳ ಪಾಡು

‘ನಮ್ದು ವಿಂಟೇಜು’ ಅಂತ ಮೀಸೆ ತಿರುವುವವರಿಗೂ ಒಂದು ಮಾತು. 2021ರ ಜುಲೈನಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ‘ವಿ.ಎ.’ ಅಕ್ಷರದ ನಂಬರು ಸಿಗುತ್ತದೆ. ಶುಲ್ಕ ಇಪ್ಪತ್ತು ಸಾವಿರ. ಆದರೆ ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ಓಡಿಸಬೇಕು, ದಿನಾ ಸಂತೆಗೆ ಹೋಗುವ ಹಾಗಿಲ್ಲ. ಇಂಜಿನ್ ಬದಲಾದ ಜೀಪಿಗೆ ಆ ಭಾಗ್ಯವೂ ಇಲ್ಲ.

1989ಕ್ಕೆ ಮುಂಚಿನ, ‘ಎಂ.ವೈ.’ ಇಂದ ಶುರುವಾಗುವ ಮೈಸೂರು ರಾಜ್ಯದ ನಂಬರಿನ ಗಾಡಿಗಳದು ಇನ್ನೊಂದು ಗೋಳು. ಹಳೇ ಲೆಡ್ಜರಿನಲ್ಲಿದ್ದ ದಾಖಲೆ ಕಂಪ್ಯೂಟರಿಗೆ ಏರದಿದ್ದರೆ ತಪಾಸಣೆ ಯಂತ್ರ ನಂಬರನ್ನೇ ಒಪ್ಪುವುದಿಲ್ಲ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ದಾಖಲೆ ಏರಿಸಬೇಕು. ತಮಿಳುನಾಡು, ಕೇರಳದ ನಂಬರಾದರೂ ‘ಬಿ.ಎಚ್.’ ನಂಬರಾದರೂ ಪಿಯುಸಿಯಿಂದ ವಿನಾಯಿತಿ ಇಲ್ಲ. ಯಾವ ರಾಜ್ಯದಲ್ಲಿ ಮಾಡಿಸಿದರೂ ದೇಶಕ್ಕೆಲ್ಲ ಸಲ್ಲುತ್ತದೆ. ಬ್ಯಾಟರಿ ಗಾಡಿಗೆ ಮಾತ್ರ ಪೂರ್ತಿ ಮಾಫಿ.

ಪಿಯುಸಿ ಇಲ್ಲದೆ ಇನ್ಶೂರೆನ್ಸ್ ನವೀಕರಿಸಬಾರದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2024ರ ಜುಲೈನಲ್ಲಿ ಆ ಷರತ್ತು ತೆಗೆದಿದೆ. ಹಾಗಂತ ಪಿಯುಸಿಯೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಂಜಿನ್ ಒಂದು, ಆರ್.ಸಿ. ಒಂದು ಆಗಿರುವಾಗ ಅಪಘಾತವಾದರೆ ತಕರಾರು ತೆಗೆಯಲು ಇನ್ಶೂರೆನ್ಸಿನವರಿಗೆ ಬೇರೆ ನೆಪ ಬೇಕೇ?

ಹುಡುಗ ಸರ್ಟಿಫಿಕೇಟು ಕೊಡಲಿಲ್ಲ. ಒಳ್ಳೇ ಕೆಲಸವನ್ನೇ ಮಾಡಿದ. ಯಜಮಾನರು ಸಿಡುಕಲೂ ಇಲ್ಲ. “ಮಂಡ್ಯಕ್ಕೋಗಿ ಆರ್.ಟಿ.ಓ. ಆಫೀಸ್ನಲ್ಲಿ ಕೇಳ್ತೀನಿ. ಒಂದಿನ ಕೆಲ್ಸ ಹಾಳು, ಅಷ್ಟೇ ತಾನೆ” ಅಂದರು. ಅದು ಒಂದೇ ದಿನಕ್ಕೆ ಮುಗಿಯುವ ಕೆಲಸವೇ? ಅರ್ಜಿ, ಇನ್ಸ್‌ಪೆಕ್ಟರ್ ತಪಾಸಣೆ, ಮತ್ತೆ ಬನ್ನಿ, ನಾಳೆ ಬನ್ನಿ... ಎಲ್ಲಾ ಆದ ಮೇಲೂ ಆ ಇಂಜಿನ್ನಿಗೆ ಒಪ್ಪಿಗೆ ಸಿಗದಿದ್ದರೆ ಜೀಪು ಮೂಲೆಗೆ.

ಸಾರಿಗೆ ಇಲಾಖೆಗೆ ನಮ್ಮದೊಂದು ಸಲಹೆ. ಮದ್ದೂರಿನಲ್ಲಿ ಒಂದು ದಿನ, ಮಳವಳ್ಳಿಯಲ್ಲಿ ಒಂದು ದಿನ ಶಿಬಿರ ಹಾಕಿ. ಕಂಪ್ಯೂಟರಿಗೆ ಏರದ ದಾಖಲೆ ಏರಿಸಿ, ಸರಿಪಡಿಸಬಹುದಾದ ಆರ್.ಸಿ. ಸರಿಪಡಿಸಿ, ಆಗದ್ದನ್ನು ಆಗುವುದಿಲ್ಲ ಅಂತ ಮುಖಕ್ಕೆ ಹೇಳಿ. ರಸ್ತೆಯಲ್ಲಿ ಹಿಡಿದು ದಂಡ ಹಾಕುವುದಕ್ಕಿಂತ ಅದು ವಾಸಿ. ಮಾಲೀಕರಿಗೆ ಹೇಳುವುದಿಷ್ಟೆ: ಇವತ್ತೇ ಟ್ರಂಕು ತೆಗೆದು ಆರ್.ಸಿ.ಯಲ್ಲಿ ಇಂಧನದ ಖಾನೆ ಓದಿ.

ಅಂದ ಹಾಗೆ, ಈ ವರದಿಗಾರನ ಸ್ಕೂಟರು ಅವತ್ತೇ ಪಿಯುಸಿ ಪಾಸಾಯಿತು. ಸವಾರ ಇನ್ನೂ ಆಗಿಲ್ಲ.