ವಾರ್ನಿಷ್: ಬಣ್ಣಕ್ಕೆ ಕಾವಲೋ, ಕಂಟಕವೋ?

ವಿಜಯಪುರದ ಬಿಸಿಲು ಯಾರನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ನಾಡಿನಲ್ಲಿ, ಬಾಗಿಲಿಗೆ ಬಳಿದ ಹೊಸ ಬಣ್ಣ ಕೆಲವೇ ವರ್ಷಗಳಲ್ಲಿ ಹೊಳಪು ಕಳೆದುಕೊಳ್ಳುತ್ತದೆ. ಕೈಯಾಡಿಸಿದರೆ ಬೆರಳಿಗೆ ಪುಡಿ ಹತ್ತುತ್ತದೆ. ‘ಮೇಲೊಂದು ಕೈ ವಾರ್ನಿಷ್ ಹೊಡೆದರೆ ಬಣ್ಣ ಶಾಶ್ವತ’ ಎಂಬುದು ಹಲವರ ನಂಬಿಕೆ. ಇದು ಅರ್ಧ ಸತ್ಯ ಮಾತ್ರ.

ಬಿಸಿಲು ಬಣ್ಣ ಕೆಡಿಸುತ್ತದೆಂಬುದು ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಒಣದ್ರಾಕ್ಷಿಯ ಹಸಿರು ಉಳಿಯಲೆಂದೇ ಅವರು ಹಣ್ಣನ್ನು ಶೆಡ್ಡಿನ ನೆರಳಿನಲ್ಲಿ ಒಣಗಿಸುತ್ತಾರೆ. ಬಾಗಿಲ ಮೇಲೆ ನಡೆಯುವ ಕ್ರಿಯೆ ಬೇರೆ. ಆದರೆ ಅಲ್ಲಿಯೂ ಬಿಸಿಲೇ ಮುಖ್ಯ ಕಾರಣ. ಬಣ್ಣದ ಕಣಗಳನ್ನು ಹಿಡಿದಿಡುವ ಅಂಟನ್ನು ಸೂರ್ಯನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಹೊರಾಂಗಣಕ್ಕೆಂದು ತಯಾರಿಸಿದ ವಾರ್ನಿಷ್‌ನಲ್ಲಿ ಈ ಕಿರಣಗಳನ್ನು ಹೀರುವ ವಸ್ತು ಇರುತ್ತದೆ. ಬಣ್ಣದ ಬದಲು ಪೆಟ್ಟು ತಿನ್ನುವುದೇ ಅದರ ಕೆಲಸ. ಕಾಲಕ್ರಮೇಣ ಅದೂ ಸವೆಯುತ್ತದೆ.

ವಾರ್ನಿಷ್ ತಾನೇ ಬಣ್ಣ ಬದಲಿಸುವುದೂ ಉಂಟು. ಅಗಸೆ ಎಣ್ಣೆಯ ವಾರ್ನಿಷ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ವರ್ಷಗಳು ಕಳೆದಂತೆ ಹಳದಿಯಾಗುತ್ತದೆ.

ಇದರ ದೊಡ್ಡ ಪಾಠ ಅಜಂತಾದಲ್ಲಿದೆ. 1920ರ ದಶಕದ ಆರಂಭದಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಅಲ್ಲಿನ ಭಿತ್ತಿಚಿತ್ರಗಳನ್ನು ಉಳಿಸಲು ಇಟಲಿಯ ಲೊರೆಂಜೊ ಚೆಕ್ಕೋನಿ ಮತ್ತು ಅವರ ಸಹಾಯಕರನ್ನು ಕರೆಸಿತು. ಉದುರುತ್ತಿದ್ದ ಬಣ್ಣವನ್ನು ಹಿಡಿದಿಡಲು ಅವರು ಬಳಸಿದ್ದು ಅರಗಿನಿಂದ ಮಾಡಿದ ಶೆಲ್ಯಾಕ್ ಲೇಪ. ಉದ್ದೇಶ ಒಳ್ಳೆಯದೇ. ಆದರೆ ಕಾಲ ಕಳೆದಂತೆ ಲೇಪ ಹಳದಿಯಾಗಿ, ಕಪ್ಪಾಗಿ ಚಿತ್ರಗಳನ್ನೇ ಮಸುಕಾಗಿಸಿತು. ಅದನ್ನು ಎಚ್ಚರದಿಂದ ತೆಗೆಯುವ ಕೆಲಸ ಪುರಾತತ್ವ ಇಲಾಖೆಯ ರಸಾಯನ ತಜ್ಞರ ಪಾಲಿಗೆ ಬಂತು.

ವಿಜಯಪುರದಲ್ಲೂ ಇಂಥ ಆಸ್ತಿಯಿದೆ. ಆಸಾರ್ ಮಹಲಿನ ಮೇಲಂತಸ್ತಿನ ಭಿತ್ತಿಚಿತ್ರಗಳು, ಜುಮ್ಮಾ ಮಸೀದಿಯಲ್ಲಿ 1636ರಲ್ಲಿ ಚಿನ್ನ-ಬಣ್ಣಗಳಿಂದ ಅಲಂಕೃತವಾದ ಮಿಹ್ರಾಬ್, ನಗರದ ಪೂರ್ವಕ್ಕಿರುವ ಕುಮಟಗಿಯ ಜಲಮಂಟಪದ ಚಿತ್ರಗಳು ಮತ್ತೆ ಬರೆಯಲು ಬಾರದಂಥವು. ಆದ್ದರಿಂದಲೇ ಬಳಿದ ಲೇಪವನ್ನು ಮುಂದೊಂದು ದಿನ ಚಿತ್ರಕ್ಕೆ ಧಕ್ಕೆಯಾಗದಂತೆ ತೆಗೆಯಲು ಬರಬೇಕೆಂಬುದು ಇಂದಿನ ಸಂರಕ್ಷಣೆಯ ನಿಯಮ. ಮನೆಯಲ್ಲಿ ಅಜ್ಜನ ಕಾಲದ ಚಿತ್ರಪಟವಿದ್ದರೆ ಅದಕ್ಕೂ ಇದೇ ಮಾತು. ಹೊಳಪು ಬರಲೆಂದು ಹಬ್ಬಕ್ಕೆ ವಾರ್ನಿಷ್ ಬಳಿಯಬಾರದು. ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕುವುದೇ ಒಳಿತು.

ಬಾಗಿಲು, ಬಂಡಿ, ಶಾಲೆಯ ಫಲಕಗಳ ಮಾತು ಬೇರೆ. ಅವಕ್ಕೆ ಮತ್ತೆ ಬಣ್ಣ ಬಳಿಯಬಹುದು. ಮೊದಲು ಬಣ್ಣ ಪೂರ್ತಿ ಒಣಗಬೇಕು; ಹಸಿಯಿದ್ದಾಗ ವಾರ್ನಿಷ್ ಬಳಿದರೆ ಸುಕ್ಕು ಬೀಳುತ್ತದೆ. ಧೂಳು ಒರೆಸಿ, ಕಾಣದ ಮೂಲೆಯಲ್ಲಿ ಬಳಿದು ನೋಡಬೇಕು. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಲೇಸು. ಡಬ್ಬಿಯನ್ನು ಕುಲುಕಿದರೆ ಗುಳ್ಳೆ ಏಳುತ್ತವೆ, ಮೆಲ್ಲಗೆ ಕಲಕಿದರೆ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ವಿದ್ಯಾರ್ಥಿಗಳು ರಜೆಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೇ ಬಣ್ಣ ಬಳಿದ ಮೂರು ಹಲಗೆ ತುಂಡುಗಳಲ್ಲಿ ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಒಳಾಂಗಣದ, ಮೂರನೆಯದಕ್ಕೆ ಹೊರಾಂಗಣದ ವಾರ್ನಿಷ್ ಬಳಿಯಿರಿ. ಪ್ರತಿಯೊಂದರ ಅರ್ಧಭಾಗಕ್ಕೆ ದಪ್ಪ ಕಪ್ಪು ರಟ್ಟು ಕಟ್ಟಿ ಮಾಳಿಗೆಯ ಮೇಲಿಡಿ. ಎರಡು ತಿಂಗಳ ನಂತರ ರಟ್ಟು ಬಿಚ್ಚಿ ಹೋಲಿಸಿ. ಬದಲಾವಣೆ ಕಾಣದಿದ್ದರೆ ಮತ್ತೆ ಕಟ್ಟಿ ಮುಂದಿನ ಬೇಸಿಗೆಯವರೆಗೂ ಕಾಯಿರಿ.