ದ್ವೀಪದ ಕಡಲು ಕೆರಳಿದಾಗ ನಮ್ಮ ಮನೆಯಲ್ಲಿ ಎಚ್ಚರವಿರಲಿ



“ಲಕ್ಷದ್ವೀಪದ ಬಳಿ ವಾಯುಭಾರ ಕುಸಿತ, ಕಡಲು ಪ್ರಕ್ಷುಬ್ಧ, ಮೀನುಗಾರರು ಕಡಲಿಗೆ ಇಳಿಯಬಾರದು” ಎಂಬ ಮಾತು ರೇಡಿಯೋದಲ್ಲಿ, ಟಿ.ವಿ.ಯಲ್ಲಿ ವರ್ಷಕ್ಕೆ ಎಷ್ಟೋ ಸಲ ನಮ್ಮ ಕಿವಿಗೆ ಬೀಳುತ್ತದೆ. ಲಕ್ಷದ್ವೀಪ ಎಲ್ಲೋ ದೂರ, ನಮಗೇನು ಅಂತ ನಾವು ಕೆಲಸಕ್ಕೆ ತೊಡಗುತ್ತೇವೆ. ಆದರೆ ಅಲ್ಲಿ ಇಂದು ಕೆಟ್ಟ ಹವೆ ಒಂದೆರಡು ದಿನಗಳಲ್ಲಿ ನಮ್ಮ ತೀರಕ್ಕೂ ಬರಬಹುದು. ನಮ್ಮ ಸಂಘಗಳಲ್ಲಿ ಬೋಟಿಗೆ ಹೋಗುವವರ ಹೆಂಡತಿಯರಿದ್ದಾರೆ, ತಾಯಂದಿರಿದ್ದಾರೆ, ಮೀನು ಮಾರುವವರಿದ್ದಾರೆ. ಆದ್ದರಿಂದ ಈ ವಿಷಯವನ್ನು ನಾವೆಲ್ಲರೂ ತಿಳಿದುಕೊಳ್ಳುವುದು ಒಳ್ಳೆಯದು.

ಲಕ್ಷದ್ವೀಪ ಹೇಗಿದೆ?

ಕೇರಳದ ತೀರದಿಂದ ಸುಮಾರು 200ರಿಂದ 440 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ಈ ದ್ವೀಪಗಳಿವೆ. ಒಟ್ಟು 36 ದ್ವೀಪಗಳು, ಜನ ನೆಲೆಸಿರುವುದು ಹತ್ತರಲ್ಲಿ. ಎಲ್ಲಾ ಸೇರಿ ನೆಲ ಬರೀ 32 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64 ಸಾವಿರ ಜನ. ನಮಗೂ ಅವರಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹಡಗುಗಳಲ್ಲಿ ಅಲ್ಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಆ ಓಡಾಟ ನಿಲ್ಲುತ್ತದೆ. ದ್ವೀಪದವರು ಮೊದಲೇ ಸಾಮಾನು ಕೂಡಿಟ್ಟುಕೊಳ್ಳಬೇಕು.

ಈ ದ್ವೀಪಗಳಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. ಹವಳದಿಂದಾದ ನೆಲ. ಸಮುದ್ರ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. ಕಡಲು ಉಕ್ಕಿದರೆ ಓಡಿಹೋಗಲು ಎತ್ತರದ ಜಾಗವೇ ಇಲ್ಲ. ಅವರನ್ನು ಕಾಯುವುದು ದ್ವೀಪದ ಸುತ್ತಲಿನ ಹವಳದ ದಿಬ್ಬ. ದೊಡ್ಡ ಅಲೆ ಮೊದಲು ಆ ದಿಬ್ಬಕ್ಕೆ ಬಡಿದು ಒಡೆಯುತ್ತದೆ, ಒಳಗಿನ ನೀರು ಶಾಂತವಾಗಿರುತ್ತದೆ. ಕಡಲಿನ ನೀರು ಅತಿಯಾಗಿ ಬಿಸಿಯಾದರೆ ಹವಳ ಬಿಳಿಚಿಕೊಂಡು ಸಾಯುತ್ತದೆ. 1998, 2010, 2016 ಮತ್ತು 2024ರಲ್ಲಿ ಅಲ್ಲಿ ಹೀಗಾಗಿದೆ. ಹವಳ ಸತ್ತರೆ ದಿಬ್ಬ ಸವೆಯುತ್ತದೆ, ಅಂದರೆ ಮನೆಯ ಪಾಗಾರವೇ ಬಿದ್ದ ಹಾಗೆ.

ಇನ್ನು ಬಾವಿಯ ಮಾತು. ಮಳೆನೀರು ನೆಲದೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗಿನ ಪದರವಾಗಿ ತೇಲುತ್ತದೆ. ಬಾವಿಯಲ್ಲಿ ಸಿಗುವ ಸಿಹಿನೀರು ಅದೇ. ಒಂದು ಸಲ ಅಲೆ ನೆಲಕ್ಕೆ ನುಗ್ಗಿತೆಂದರೆ ಬಾವಿ ಉಪ್ಪಾಗುತ್ತದೆ. ಆಗ ನೀರಿಗಾಗಿ ಅಲೆಯುವವರು ಹೆಂಗಸರೇ. ನಮ್ಮ ಅಳಿವೆ ಬದಿಯ ಅಕ್ಕಂದಿರಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಕಡಲು ಕೆಡುವುದು ಹೇಗೆ?

ಮುಖ್ಯವಾಗಿ ಮೂರು ವಿಧ.

ಮೊದಲನೆಯದು ಮಳೆಗಾಲದ ಗಾಳಿ. ಇದು ನಮಗೆಲ್ಲ ಗೊತ್ತಿದ್ದದ್ದೇ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ.

ಎರಡನೆಯದು ಚಂಡಮಾರುತ. ಬಿಸಿಯಾದ ಕಡಲಿನಿಂದ ಹಬೆ ಮೇಲೇರುತ್ತದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಸುತ್ತಲಿನ ಗಾಳಿ ಸುತ್ತುತ್ತಾ ಅಲ್ಲಿಗೆ ನುಗ್ಗುತ್ತದೆ. ವಾಯುಭಾರ ಕುಸಿತ ಅಂದರೆ ಇದೇ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದನ್ನು ಚಂಡಮಾರುತ ಎನ್ನುತ್ತಾರೆ, ಅದಕ್ಕೊಂದು ಹೆಸರಿಡುತ್ತಾರೆ. ಅರಬ್ಬೀ ಸಮುದ್ರದಲ್ಲಿ ಇದು ಹೆಚ್ಚಾಗಿ ಮಳೆಗಾಲಕ್ಕೆ ಮುಂಚೆ ಮೇ-ಜೂನ್‌ನಲ್ಲಿ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟುತ್ತದೆ. ಇದರಲ್ಲಿ ಬಹುಪಾಲು ಮೀನುಗಾರಿಕೆಯ ಕಾಲವೇ ಎಂಬುದನ್ನು ನೆನಪಿಡಿ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ನಮ್ಮ ಭಾಷೆಯಲ್ಲೂ ಅರ್ಥ ಅದೇ, ಕಳ್ಳನ ಹಾಗೆ ಬರುವ ಕಡಲು. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ಶುಭ್ರ. ಆದರೆ ದಕ್ಷಿಣದಲ್ಲಿ ಸಾವಿರಾರು ಕಿ.ಮೀ. ದೂರದ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನ ಪ್ರಯಾಣ ಮಾಡಿ ತೀರಕ್ಕೆ ಬಂದು ಬಡಿಯುತ್ತವೆ. ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಬೀಚಿನಲ್ಲಿ ವೈದ್ಯಕೀಯ ಓದುತ್ತಿದ್ದ ಐವರು ಮಕ್ಕಳು ಇಂತಹ ಅಲೆಗೆ ಸಿಕ್ಕಿ ಜೀವ ಕಳೆದುಕೊಂಡರು. ಎಚ್ಚರಿಕೆ ಹೊರಟಿತ್ತು, ಆದರೆ ಬಿಸಿಲಿದ್ದ ದಿನ ಕಡಲಿಗೆ ಹೆದರಬೇಕು ಅಂತ ಯಾರಿಗೆ ಅನ್ನಿಸುತ್ತದೆ?

ಓಖಿ ಕಲಿಸಿದ ಪಾಠ

2017ರ ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ‘ಓಖಿ’ ಚಂಡಮಾರುತವಾಯಿತು. ಬಾಂಗ್ಲಾದೇಶ ಇಟ್ಟ ಈ ಹೆಸರಿಗೆ ಕಣ್ಣು ಎಂದರ್ಥ. ಡಿಸೆಂಬರಿನ ಮೊದಲ ದಿನಗಳಲ್ಲಿ ಅದು ಲಕ್ಷದ್ವೀಪಕ್ಕೆ ಬಡಿಯಿತು. ಮಿನಿಕಾಯ್, ಕಲ್ಪೇನಿ ದ್ವೀಪಗಳಲ್ಲಿ ತೆಂಗಿನ ಮರಗಳು ಉರುಳಿದವು, ಮನೆಗಳು ಹಾಳಾದವು. ಅದಕ್ಕಿಂತ ದೊಡ್ಡ ನಷ್ಟ ಕಡಲಿನ ಮೇಲಾಯಿತು. ವಾಯುಭಾರ ಕುಸಿತ ಬಹಳ ಬೇಗ ಚಂಡಮಾರುತವಾಗಿ ಬಲಿತಿತ್ತು. ಎಚ್ಚರಿಕೆ ಬರುವ ಹೊತ್ತಿಗೆ ತಿರುವನಂತಪುರ, ಕನ್ಯಾಕುಮಾರಿ ಕಡೆಯ ನೂರಾರು ಮೀನುಗಾರರು ಆಳ ಸಮುದ್ರದಲ್ಲಿದ್ದರು. ಬಹಳ ಮಂದಿ ಮರಳಲಿಲ್ಲ. ಬದುಕಿದವರಲ್ಲಿ ಎಷ್ಟೋ ಜನ ಲಕ್ಷದ್ವೀಪ, ಕರ್ನಾಟಕ, ಮಹಾರಾಷ್ಟ್ರ, ಗುಜರಾತಿನ ದಡ ಸೇರಿದರು.

ಆಗ ಎದ್ದ ಮೊದಲ ಪ್ರಶ್ನೆ, ಎಷ್ಟು ಜನ ಹೋಗಿದ್ದರು? ಯಾವ ಬೋಟಿನಲ್ಲಿ ಯಾರಿದ್ದರು ಅಂತ ಪೂರ್ತಿ ಪಟ್ಟಿ ಯಾರಲ್ಲೂ ಇರಲಿಲ್ಲ. ಅಲ್ಲಿನ ಧರ್ಮಕೇಂದ್ರಗಳು ತಮ್ಮ ತಮ್ಮ ಊರಿನ ಪಟ್ಟಿ ತಯಾರಿಸಬೇಕಾಯಿತು.

ಎರಡನೆಯ ಕಷ್ಟ ಮನೆಯಲ್ಲಿದ್ದ ಹೆಂಗಸರದ್ದು. ಶವ ಸಿಗದೆ ಮರಣ ಪತ್ರವಿಲ್ಲ. ಕಾನೂನಿನ ಸಾಮಾನ್ಯ ನಿಯಮದಂತೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಕಾಣೆಯಾದವನು ಸತ್ತನೆಂದು ಭಾವಿಸುತ್ತಾರೆ. ಓಖಿಯ ನಂತರ ಕೇರಳ ಸರಕಾರ ಅಷ್ಟು ಕಾಲ ಕಾಯದೆ ಕಾಣೆಯಾದವರ ಕುಟುಂಬಗಳಿಗೂ ಪರಿಹಾರ ಕೊಟ್ಟಿತು. ಆದರೆ ಎಲ್ಲಾ ಸಲ ಹಾಗೆ ಆಗುತ್ತದೆ ಅಂತ ನಂಬಿ ಕೂರಲು ಆಗುವುದಿಲ್ಲ.

2021ರ ಮೇ 14ರಂದು ಲಕ್ಷದ್ವೀಪದ ಬಳಿ ‘ತೌಕ್ತೆ’ ಹುಟ್ಟಿತು. ಒಂದೆರಡು ದಿನದಲ್ಲೇ ನಮ್ಮ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಕಡಲ್ಕೊರೆತದಿಂದ ಮನೆ, ರಸ್ತೆಗಳು ಹಾಳಾದವು. 17ರ ರಾತ್ರಿ ಅದು ಗುಜರಾತಿನ ನೆಲ ಮುಟ್ಟಿತು. ಈ ಸಲ ಮುನ್ಸೂಚನೆ ಮುಂಚೆಯೇ ಬಂದಿತ್ತು. ಸೂಚನೆ ಬೇಗ ಬಂದು, ಅದನ್ನು ಜನ ಕೇಳಿದರೆ ಜೀವ ಉಳಿಯುತ್ತದೆ.

ಸಂಘದಲ್ಲಿ ನಾವು ಏನು ಮಾಡಬಹುದು?

1. ಬೋಟಿನ ಪುಸ್ತಕ ಇಡೋಣ. ಉಳಿತಾಯದ ಪುಸ್ತಕದ ಜೊತೆ ಇನ್ನೊಂದು ನೋಟ್‌ಬುಕ್. ಬೋಟಿನ ಹೆಸರು, ನೋಂದಣಿ ನಂಬರು, ತಾಂಡೇಲರ ಮೊಬೈಲು, ಹೊರಟ ದಿನ, ಬರಬೇಕಾದ ದಿನ, ಒಳಗಿರುವವರ ಹೆಸರು. ಹೊರ ರಾಜ್ಯದಿಂದ ಬಂದ ಕಲಾಸಿಗಳ ಹೆಸರನ್ನೂ ಬರೆಯಿರಿ. ಅವರಿಗೂ ಊರಲ್ಲಿ ಕಾಯುವ ತಾಯಿ ಇದ್ದಾಳೆ.

2. ಬಣ್ಣ ಕಲಿಯೋಣ. ಹವಾಮಾನ ಇಲಾಖೆಯ ಸೂಚನೆಯಲ್ಲಿ ಹಸಿರು ಅಂದರೆ ಭಯವಿಲ್ಲ, ಹಳದಿ ಅಂದರೆ ಗಮನವಿರಲಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಅಲೆಗಳ ಎಚ್ಚರಿಕೆ ಕೊಡುವುದು ಹೈದರಾಬಾದಿನ ‘ಇನ್‌ಕಾಯಿಸ್’ ಎಂಬ ಕೇಂದ್ರ ಸರಕಾರದ ಸಂಸ್ಥೆ. ಪ್ರತಿ ಸಂಘದಲ್ಲೂ ಒಬ್ಬರು ದಿನಾ ಸೂಚನೆ ನೋಡಿ ಉಳಿದವರಿಗೆ ತಿಳಿಸಲಿ.

3. ಕಳ್ಳ ಕಡಲಿನ ಸೂಚನೆ ಬಂದರೆ ಚಿಕ್ಕ ದೋಣಿಗಳನ್ನು ಮೇಲಕ್ಕೆ ಎಳೆಯಿರಿ, ದೊಡ್ಡ ಬೋಟುಗಳನ್ನು ಒಂದಕ್ಕೊಂದು ತಾಗದಂತೆ ಕಟ್ಟಲು ಹೇಳಿ. ಮಕ್ಕಳನ್ನು ದಡಕ್ಕೆ ಬಿಡಬೇಡಿ, ಒಣಮೀನು ಹರಡಿದ್ದರೆ ತೆಗೆಯಿರಿ.

4. ದಾಖಲೆ ಸರಿಯಾಗಿರಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೀನುಗಾರರ ಗುರುತು ಚೀಟಿಗಳ ಪ್ರತಿ ಮನೆಯಲ್ಲಿರಲಿ. ಪ್ರಧಾನಮಂತ್ರಿ ಸುರಕ್ಷಾ ಬೀಮಾಕ್ಕೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಮರಣವಾದರೆ 2 ಲಕ್ಷ. ಮೀನುಗಾರರ ಅಪಘಾತ ವಿಮೆಯ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

5. ಬೋಟು ಬರಬೇಕಾದ ದಿನ ಬರದಿದ್ದರೆ ಕಾಯುತ್ತಾ ಕೂರಬೇಡಿ. ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಕೇಳಿ ಪಡೆಯಿರಿ. ಮುಂದೆ ಎಲ್ಲದಕ್ಕೂ ಅದೇ ಆಧಾರ.

ಕೊನೆಯದು, ಕಂತಿನ ಮಾತು

ಡೀಸೆಲ್, ಐಸ್ ಹಾಕಿ ಆಗಿದೆ, ಬರಿಗೈಲಿ ಬರುವುದು ಹೇಗೆ ಅಂತ ತಾಂಡೇಲರು ಯೋಚಿಸುತ್ತಾರೆ. ಮನೆಯಲ್ಲಿ ನಾವೂ “ಸೋಮವಾರ ಸಂಘದ ಕಂತು ಕಟ್ಟಬೇಕಲ್ಲಾ” ಅನ್ನುತ್ತೇವೆ. ಆ ಒಂದು ಮಾತು ಗಂಡಸರನ್ನು ಕೆಟ್ಟ ಕಡಲಿಗೆ ತಳ್ಳಬಹುದು. ಆದ್ದರಿಂದ ಮುಂದಿನ ಸಭೆಯಲ್ಲಿ ಈ ನಿರ್ಣಯ ಬರೆಯಿರಿ: ಕಡಲಿಗೆ ಇಳಿಯಬಾರದೆಂಬ ಸೂಚನೆ ಇರುವ ವಾರ ಮೀನುಗಾರ ಕುಟುಂಬದ ಸದಸ್ಯೆಯ ಕಂತನ್ನು ಮುಂದಕ್ಕೆ ಹಾಕುವುದು, ದಂಡ ಹಾಕದಿರುವುದು. ಅಗತ್ಯವಿದ್ದರೆ ಅಕ್ಕಿ, ಔಷಧಿಗೆ ಸಂಘದ ನಿಧಿಯಿಂದ ಸಣ್ಣ ಸಾಲ ಕೊಡುವುದು. ಬ್ಯಾಂಕಿನ ಸಾಲವಿದ್ದರೆ ಸಂಘದ ಒಟ್ಟು ಹಣದಿಂದ ಆ ವಾರದ ಪಾಲನ್ನು ತುಂಬಿ, ಆಮೇಲೆ ಅವರಿಂದ ಪಡೆಯಬಹುದು.

ನಾವು ಸಂಘ ಕಟ್ಟಿದ್ದು ಹಣ ಉಳಿಸಲು ಮಾತ್ರ ಅಲ್ಲ, ಒಬ್ಬರಿಗೊಬ್ಬರು ಆಗಲು. ಗಾಳಿಯನ್ನು ತಡೆಯುವ ಶಕ್ತಿ ನಮಗಿಲ್ಲ, ದೇವರಲ್ಲಿ ಪ್ರಾರ್ಥಿಸೋಣ. ಕಂತು ಒಂದು ವಾರ ತಡವಾದರೂ ನಡೆಯುತ್ತದೆ, ಮನೆಯವರು ಜೀವಂತ ಬರಲಿ.